ಹಳೆಯ ಷೆವರ್ಲೆ ಟ್ರಕ್ಕಿನ ವಾಲ್ವ್ ರೇಡಿಯೊ: 12 ವೋಲ್ಟಿಗೆ ಹೇಗೆ ಒಗ್ಗಿಸುವುದು?

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿದ್ದೇನೆ. ಈಚೆಗೆ 1954ರ ಷೆವರ್ಲೆ 3100 ಪಿಕಪ್ ಟ್ರಕ್ಕೊಂದನ್ನು ಕೊಂಡೆ. ಹಿಂದಿನ ಮಾಲೀಕರು ಅದರ 6 ವೋಲ್ಟ್ ಬ್ಯಾಟರಿ ಮತ್ತು ಡೈನಮೋ ತೆಗೆಸಿ 12 ವೋಲ್ಟ್ ಬ್ಯಾಟರಿ, ಆಲ್ಟರ್ನೇಟರ್ ಹಾಕಿಸಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಅದೇ ಕಾಲದ, ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ನಡೆಯುವ ಎ.ಎಂ. (ಮೀಡಿಯಂ ವೇವ್) ರೇಡಿಯೊ ಇನ್ನೂ ಇದೆ, ಆದರೆ ಅದರ ವೈರನ್ನು ಕತ್ತರಿಸಿ ಟೇಪು ಸುತ್ತಿ ಬಿಟ್ಟಿದ್ದಾರೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ‘ಒಂದು ರೆಸಿಸ್ಟರ್ ಹಾಕಿ ಕನೆಕ್ಷನ್ ಕೊಟ್ಟರೆ ಹಾಡುತ್ತದೆ’ ಎನ್ನುತ್ತಾರೆ. ಕಾರ್ ಆಡಿಯೊ ಅಂಗಡಿಯವರು ‘ವಾಲ್ವ್‌ಗಳೆಲ್ಲ ಸತ್ತಿರುತ್ತವೆ, ಡ್ಯಾಶ್ ಕೊರೆದು ಹೊಸ ಸ್ಟೀರಿಯೊ ಕೂರಿಸೋಣ’ ಎನ್ನುತ್ತಾರೆ. ನನಗೆ ಹಳೆಯದನ್ನು ಕಳೆದುಕೊಳ್ಳಲು ಮನಸ್ಸಿಲ್ಲ, ಮಗಳಿಗೆ ಬ್ಲೂಟೂತ್ ಬೇಕು. ಎರಡೂ ಸಾಧ್ಯವೇ? ಇನ್ನೊಂದು ಸಣ್ಣ ಸಂಶಯ: ರೇಡಿಯೊದ ಮುಂದಿರುವ ಐದು ಗುಂಡಿಗಳನ್ನು ಒತ್ತಿದಾಗ ಮುಳ್ಳು ಎಲ್ಲೆಲ್ಲಿಗೋ ಹೋಗಿ ನಿಲ್ಲುತ್ತದೆ. ಅದೂ ಕೆಟ್ಟಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಬೆರೆತಿವೆ. ಈ ರೇಡಿಯೊ 12 ವೋಲ್ಟಿನಲ್ಲಿ ನಡೆಯುತ್ತದೆಯೇ, ಅದು ರಿಪೇರಿಗೆ ಯೋಗ್ಯವೇ, ಮತ್ತು ಅದರಿಂದ ಇಂದಿನ ಫೋನಿನ ಹಾಡು ಕೇಳಬಹುದೇ. ಇವುಗಳಲ್ಲಿ ಮೊದಲನೆಯದನ್ನು ಬಗೆಹರಿಸದೆ ಉಳಿದೆರಡಕ್ಕೆ ಕೈ ಹಾಕಬಾರದು. ನಿಮ್ಮ ಟ್ರಕ್ಕಿನಲ್ಲಿ ಬದಲಾಗಿರುವುದು ಬ್ಯಾಟರಿ. ಅದಕ್ಕಾಗಿ ರೇಡಿಯೊವನ್ನು ಕಿತ್ತೆಸೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ರೇಡಿಯೊಗೆ ಅದು ಕೇಳುವ 6 ವೋಲ್ಟನ್ನು ಶುದ್ಧವಾಗಿ ಒದಗಿಸುವುದು ಮೊದಲ ಕೆಲಸ. ನಂತರ ಏನು ಸೇರಿಸಿದರೂ ಮುಂದೆ ಬೇಡವೆನಿಸಿದಾಗ ತೆಗೆಯಲು ಬರುವಂತಿರಬೇಕು. ನನ್ನ ಸಲಹೆಗಳೆಲ್ಲ ಈ ಎರಡು ನಿಯಮಗಳಿಗೆ ಒಳಪಟ್ಟಿವೆ.

ಆ ಕಾಲದ ವಾಹನದ ರೇಡಿಯೊ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿದರೆ ರೆಸಿಸ್ಟರ್ ಸಲಹೆ ಏಕೆ ತಪ್ಪು ಎಂಬುದು ತಾನಾಗಿ ಅರ್ಥವಾಗುತ್ತದೆ. ವಾಲ್ವ್‌ಗೆ ಎರಡು ಬಗೆಯ ವಿದ್ಯುತ್ ಬೇಕು. ಒಳಗಿನ ಫಿಲಮೆಂಟ್ ಎಂಬ ತಂತಿ ಬಿಸಿಯಾಗಲು 6 ವೋಲ್ಟ್ ಸಾಕು, ಅದು ನೇರವಾಗಿ ಬ್ಯಾಟರಿಯಿಂದಲೇ ಬರುತ್ತದೆ. ಆದರೆ ವಾಲ್ವಿನ ಪ್ಲೇಟ್ ಎಂಬ ಭಾಗಕ್ಕೆ 200 ವೋಲ್ಟಿನಷ್ಟು ಅಥವಾ ಅದಕ್ಕೂ ಹೆಚ್ಚು ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಬೇಕು. ಬ್ಯಾಟರಿಯ ಡಿ.ಸಿ.ಯನ್ನು ಟ್ರಾನ್ಸ್‌ಫಾರ್ಮರ್ ನೇರವಾಗಿ ಏರಿಸಲಾರದು. ಆದ್ದರಿಂದ ವೈಬ್ರೇಟರ್ ಎಂಬ ತಗಡಿನ ಡಬ್ಬಿಯೊಂದನ್ನು ವಾಲ್ವಿನಂತೆಯೇ ಸಾಕೆಟ್ಟಿಗೆ ಚುಚ್ಚಿರುತ್ತಾರೆ. ಅದರೊಳಗಿನ ತೆಳು ಉಕ್ಕಿನ ಪಟ್ಟಿ ಸೆಕೆಂಡಿಗೆ ಸುಮಾರು 115 ಬಾರಿ ಅತ್ತಿತ್ತ ಬಡಿದುಕೊಳ್ಳುತ್ತ ಬ್ಯಾಟರಿಯ ಕರೆಂಟನ್ನು ತುಂಡರಿಸುತ್ತದೆ. ಹಾಗೆ ತುಂಡರಿಸಿದ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ, ಬಳಿಕ ಅದು ಮತ್ತೆ ಡಿ.ಸಿ. ಆಗುತ್ತದೆ. ಸರಿಯಿರುವ ರೇಡಿಯೊವನ್ನು ಆನ್ ಮಾಡಿದ ಕೂಡಲೇ ‘ಝೂಂ’ ಎಂಬ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ, ಅದು ವೈಬ್ರೇಟರಿನದು. ಸ್ಟೇಷನ್ ಕೇಳಿಸಲು ವಾಲ್ವ್ ಬಿಸಿಯಾಗುವವರೆಗೆ ಅರ್ಧ ನಿಮಿಷದಷ್ಟು ಕಾಯಬೇಕು.

ಈಗ ರೆಸಿಸ್ಟರಿನ ಲೆಕ್ಕ ನೋಡಿ. ಇಂತಹ ರೇಡಿಯೊ 6 ವೋಲ್ಟಿನಲ್ಲಿ 6ರಿಂದ 8 ಆಂಪಿಯರ್ ಎಳೆಯುತ್ತದೆ. ಎಂಜಿನ್ ಓಡುವಾಗ ನಿಮ್ಮ ಟ್ರಕ್ಕಿನಲ್ಲಿರುವುದು 14 ವೋಲ್ಟ್. ನಡುವಿನ 7 ವೋಲ್ಟಿಗೂ ಹೆಚ್ಚಿನ ಅಂತರವನ್ನು ರೆಸಿಸ್ಟರ್ ನುಂಗಬೇಕೆಂದರೆ ಅದು 50 ವ್ಯಾಟಿನಷ್ಟು ಶಾಖವನ್ನು ಡ್ಯಾಶ್‌ಬೋರ್ಡಿನ ಹಿಂದೆ, ಹಳೆಯ ಬಟ್ಟೆ ಹೊದಿಕೆಯ ವೈರುಗಳ ನಡುವೆ ಉಗುಳುತ್ತಿರುತ್ತದೆ. ಅದಕ್ಕಿಂತ ದೊಡ್ಡ ದೋಷವೆಂದರೆ, ರೆಸಿಸ್ಟರ್ ಎಷ್ಟು ವೋಲ್ಟ್ ಇಳಿಸುತ್ತದೆ ಎಂಬುದು ಅದರ ಮೂಲಕ ಹರಿಯುವ ಕರೆಂಟನ್ನು ಅವಲಂಬಿಸಿದೆ, ಮತ್ತು ಈ ರೇಡಿಯೊದ ಕರೆಂಟ್ ಸ್ಥಿರವಾಗಿರುವುದಿಲ್ಲ. ಸವೆದ ವೈಬ್ರೇಟರ್ ಬಡಿಯುವುದನ್ನು ನಿಲ್ಲಿಸಿ ಸಂಪರ್ಕ ಬಿಟ್ಟುಕೊಂಡರೆ ಕರೆಂಟ್ ಕುಸಿಯುತ್ತದೆ. ಆಗ ರೆಸಿಸ್ಟರ್ ಕಡಿಮೆ ವೋಲ್ಟ್ ಇಳಿಸುವುದರಿಂದ ಫಿಲಮೆಂಟುಗಳಿಗೆ 6ರ ಬದಲು ಅದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಅದೇ ವೈಬ್ರೇಟರಿನ ಪಾಯಿಂಟುಗಳು, ಅಂದರೆ ಕರೆಂಟನ್ನು ಕೂಡಿಸಿ ಬಿಡಿಸುವ ಸಂಪರ್ಕ ತುದಿಗಳು, ಅಂಟಿಕೊಂಡರೆ ಕರೆಂಟ್ ವಿಪರೀತವಾಗಿ ಏರಿ ರೆಸಿಸ್ಟರ್ ಕೆಂಪಗೆ ಕಾಯುತ್ತದೆ. ಹೀಟರಿನ ಫ್ಯಾನಿನಂತಹ ಸಾಧನಗಳಿಗೆ ಈ ಉಪಾಯ ಹೇಗೋ ನಡೆದೀತು. ವಾಲ್ವ್ ರೇಡಿಯೊಗೆ ಬೇಡ.

ಕೆಲವರು ‘12 ವೋಲ್ಟಿನ ವೈಬ್ರೇಟರ್ ಹಾಕಿ’ ಎಂದೂ ಹೇಳುತ್ತಾರೆ. ಟ್ರಾನ್ಸ್‌ಫಾರ್ಮರಿನ ಸುರುಳಿ 6 ವೋಲ್ಟಿಗೆ ಸುತ್ತಿದ್ದಾಗಿರುವುದರಿಂದ, ಅದಕ್ಕೆ 12 ವೋಲ್ಟ್ ಕೊಟ್ಟರೆ ಆಚೆ ಬದಿಯ 200 ವೋಲ್ಟ್ ಇಮ್ಮಡಿಯಾಗಲು ಹೊರಡುತ್ತದೆ. ಅಲ್ಲದೆ 6 ವೋಲ್ಟಿನ ಫಿಲಮೆಂಟುಗಳು ಹಾಗೆಯೇ ಉಳಿದಿರುತ್ತವೆ. ಒಳಗಿನ ಫಿಲಮೆಂಟುಗಳನ್ನು ಸರಣಿಯಲ್ಲಿ ಜೋಡಿಸಿ, ಟ್ರಾನ್ಸ್‌ಫಾರ್ಮರ್ ಬದಲಿಸಿ ಇಡೀ ಸೆಟ್ಟನ್ನು 12 ವೋಲ್ಟಿಗೆ ಪರಿವರ್ತಿಸುವುದು ಅಸಾಧ್ಯವೇನಲ್ಲ. ಆದರೆ ಎಲ್ಲ ವಾಲ್ವ್‌ಗಳು ಒಂದೇ ಪ್ರಮಾಣದ ಕರೆಂಟ್ ಎಳೆಯುವುದಿಲ್ಲವಾದ್ದರಿಂದ ಅವುಗಳ ನಡುವೆ ಸಮತೋಲನದ ರೆಸಿಸ್ಟರುಗಳನ್ನು ಲೆಕ್ಕ ಹಾಕಿ ಹಾಕಬೇಕಾಗುತ್ತದೆ. ಅಷ್ಟು ಶ್ರಮಪಟ್ಟು ಗಳಿಸುವುದು ಬಹಳ ಕಡಿಮೆ.

ಇನ್ನು ಅಂಗಡಿಯವರ ‘ವಾಲ್ವ್ ಸತ್ತಿರುತ್ತದೆ’ ಎಂಬ ಮಾತು. ನನ್ನ ಮೇಜಿಗೆ ಬರುವ ಹಳೆಯ ಸೆಟ್ಟುಗಳಲ್ಲಿ ವಾಲ್ವ್‌ಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಹಾಳಾಗಿರುವುದು ವಿದ್ಯುತ್ ಚಾರ್ಜನ್ನು ಹಿಡಿದಿಡುವ ಕೆಪಾಸಿಟರುಗಳು, ನಮ್ಮ ಹಳೆಯ ರಿಪೇರಿಯವರ ಬಾಯಲ್ಲಿ ಕಂಡೆನ್ಸರುಗಳು. ಮೇಣ ಮೆತ್ತಿದ ಕಾಗದದ ಆ ಕೊಳವೆಗಳು ವರ್ಷಗಳು ಕಳೆದಂತೆ ತೇವ ಹೀರಿ ಒಳಗೊಳಗೇ ಸೋರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು: ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಗೆ ಜೋಡಿಸಿರುವ ಬಫರ್ ಕೆಪಾಸಿಟರ್. ವೈಬ್ರೇಟರ್ ಪ್ರತಿ ಬಾರಿ ಕರೆಂಟ್ ಕತ್ತರಿಸಿದಾಗ ಎದ್ದೇಳುವ ವೋಲ್ಟೇಜಿನ ಹೊಡೆತವನ್ನು ತಡೆದುಕೊಳ್ಳುವುದು ಅದರ ಕೆಲಸ. ಅದು ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ವೈಬ್ರೇಟರ್ ಪಾಯಿಂಟುಗಳು ಬೆಸೆದುಕೊಳ್ಳುತ್ತವೆ. ನೋಡಲು ಚೆನ್ನಾಗಿದ್ದರೂ ಅದನ್ನು ಬದಲಿಸದೆ ಸೆಟ್ಟಿಗೆ ಕರೆಂಟ್ ಕೊಡಬಾರದು. ಹೊಸದು ಕನಿಷ್ಠ 1600 ವೋಲ್ಟ್ ತಾಳುವಂತಿರಲಿ, ಮತ್ತು ಅದರ ಸಾಮರ್ಥ್ಯ ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಹಳೆಯದರಷ್ಟೇ ಇರಲಿ. ಆ ಸಾಮರ್ಥ್ಯವನ್ನು ಆ ಟ್ರಾನ್ಸ್‌ಫಾರ್ಮರಿಗೆ ಹೊಂದುವಂತೆ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ, ‘ಸ್ವಲ್ಪ ದೊಡ್ಡದೇ ಇರಲಿ’ ಎಂಬ ಔದಾರ್ಯ ಇಲ್ಲಿ ಸಲ್ಲದು.

ಅದರ ಜೊತೆಗೆ, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಧ್ವನಿ ಒಳಬರುವ ತುದಿಗೆ) ಹೋಗುವ ಕಪ್ಲಿಂಗ್ ಕೆಪಾಸಿಟರನ್ನೂ, ಫಿಲ್ಟರಿನ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿ. ಕಪ್ಲಿಂಗ್ ಸೋರಿದರೆ ಔಟ್‌ಪುಟ್ ವಾಲ್ವ್ ಮಿತಿಮೀರಿ ಕರೆಂಟ್ ಎಳೆದು, ಅದರೊಡನೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಹೋಗುತ್ತದೆ. ಸ್ಪೀಕರ್ ಜೋಡಿಸದೆ ಸೆಟ್ಟನ್ನು ಎಂದೂ ಆನ್ ಮಾಡಬೇಡಿ, ಒಂದು ಕ್ಷಣದ ಪರೀಕ್ಷೆಗೂ ಬೇಡ. ಇದೆಲ್ಲ 200 ವೋಲ್ಟಿಗೂ ಮೀರಿದ ವಿದ್ಯುತ್ತಿನ ಜಾಗ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ವಾಲ್ವ್ ಸೆಟ್ಟು ರಿಪೇರಿ ಮಾಡಿ ಅಭ್ಯಾಸವಿಲ್ಲದಿದ್ದರೆ ಈ ಭಾಗವನ್ನು ಬಲ್ಲವರ ಕೈಗೆ ಕೊಡುವುದು ಜಾಣತನ. ವೈರಿಂಗ್ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು.

ವೈಬ್ರೇಟರಿಗೆ ಈಗ ಅದೇ ಪಿನ್ನುಗಳ, ಅದೇ ಸಾಕೆಟ್ಟಿಗೆ ಕೂರುವ ಟ್ರಾನ್ಸಿಸ್ಟರ್ ಬದಲಿಗಳು ಸಿಗುತ್ತವೆ. ನಾನು ಅವುಗಳನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಅವುಗಳಲ್ಲಿ ಅಂಟಿಕೊಳ್ಳುವ ಪಾಯಿಂಟುಗಳೇ ಇಲ್ಲ. ಹಳೆಯ ಗುಂಯ್‌ಗುಟ್ಟುವಿಕೆ ಇಲ್ಲದಿದ್ದರೆ ಬೇಸರವೆನ್ನುವವರೂ ಇದ್ದಾರೆ, ಅದು ಅವರವರ ಅಭಿರುಚಿ. ಕೊಳ್ಳುವಾಗ ಅರ್ಥ್ ಯಾವ ಬದಿಯದು ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. 1954ರ ಷೆವರ್ಲೆ ಟ್ರಕ್ಕಿನಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಗಾಡಿಯ ಲೋಹದ ಬಾಡಿಗೆ, ಅಂದರೆ ಅರ್ಥಿಗೆ, ಸೇರಿರುತ್ತದೆ. ಅದೇ ವರ್ಷದ ಫೋರ್ಡ್ ಟ್ರಕ್ಕಿನಲ್ಲಿ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಟ್ರಾನ್ಸಿಸ್ಟರ್ ಬದಲಿಯನ್ನು ತಿರುಗಾಮುರುಗಾ ಹಾಕಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಈಗ 6 ವೋಲ್ಟ್ ಎಲ್ಲಿಂದ ತರುವುದು ಎಂಬ ಪ್ರಶ್ನೆ. ಒಳಗೆ 12 ಕೊಟ್ಟರೆ ಹೊರಗೆ 6 ಕೊಡುವ ಡಿ.ಸಿ. ಕನ್ವರ್ಟರ್ ಇದಕ್ಕೆ ಸರಿಯಾದ ಉತ್ತರ. ರೇಡಿಯೊದ ಲೇಬಲ್ಲಿನಲ್ಲಿ ಬರೆದಿರುವ ಆಂಪಿಯರಿಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದು, ಅಂದರೆ 10 ಆಂಪಿಯರ್ ಅಥವಾ ಹೆಚ್ಚಿನದು ಇರಲಿ. ಹೊರಬರುವ ವೋಲ್ಟೇಜ್ 6.3ರಿಂದ 6.6ರ ನಡುವೆ ನಿಂತಿರಲಿ. ಇದರ ಅಪಾಯ ಶಾಖದ್ದಲ್ಲ, ಗದ್ದಲದ್ದು. ಇಂತಹ ಕನ್ವರ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಬಾರಿ ಆನ್-ಆಫ್ ಆಗುತ್ತಲೇ ಕೆಲಸ ಮಾಡುತ್ತವೆ, ಮತ್ತು ಅದರಿಂದ ಹುಟ್ಟುವ ತರಂಗಗಳು ನೇರವಾಗಿ ಎ.ಎಂ. ಬ್ಯಾಂಡಿನೊಳಗೇ ಬೀಳುತ್ತವೆ. ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಯ ಕನ್ವರ್ಟರ್ ಹಾಕಿ, ಡಯಲ್ಲಿನ ಉದ್ದಕ್ಕೂ ಕಿರುಚಾಟವೇ ಕೇಳಿಸಿ, ‘ರೇಡಿಯೊ ಹಾಳಾಗಿದೆ’ ಎಂದು ತಿಳಿದವರು ಅನೇಕರು. ಪರೀಕ್ಷೆ ಸುಲಭ: ಕನ್ವರ್ಟರಿಗೆ ಕಾರಿನ ದೊಡ್ಡ ಬಲ್ಬಿನಂತಹ ಭಾರ ಜೋಡಿಸಿ ಓಡಿಸಿ, ಪಕ್ಕದಲ್ಲಿ ಬ್ಯಾಟರಿ ಸೆಲ್ಲಿನ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಎ.ಎಂ. ಬ್ಯಾಂಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಒಂದಡಿ ದೂರದಲ್ಲೂ ಕಿರುಚಿದರೆ ಅದನ್ನು ಹಿಂದಿರುಗಿಸಿ. ಲೋಹದ ಪೆಟ್ಟಿಗೆಯದನ್ನು ಆರಿಸಿ, ಆ ಪೆಟ್ಟಿಗೆಯನ್ನು ಬಣ್ಣ ಕೆರೆದ ಬಾಡಿಗೆ ಬಿಗಿಯಾಗಿ ಕೂರಿಸಿ.

ವೈರಿಂಗಿನಲ್ಲಿ ಜನ ಎಡವುವುದು ಹೆಚ್ಚಾಗಿ 6 ವೋಲ್ಟಿನ ಬದಿಯಲ್ಲಿ. ಹನ್ನೆರಡರಲ್ಲಿ ಅರ್ಧ ವೋಲ್ಟ್ ವೈರಿನಲ್ಲೇ ಕಳೆದುಹೋದರೆ ಗೊತ್ತಾಗುವುದಿಲ್ಲ, ಆರರಲ್ಲಿ ಹೋದರೆ ರೇಡಿಯೊ ಮಂಕಾಗುತ್ತದೆ. ಆದ್ದರಿಂದ ಕನ್ವರ್ಟರ್ ರೇಡಿಯೊಗೆ ಹತ್ತಿರವಿರಲಿ, ಅಲ್ಲಿಂದ ಹೋಗುವ ವೈರು ದಪ್ಪವಾಗಿ ಗಿಡ್ಡವಾಗಿರಲಿ; 2.5 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಬ್ಯಾಟರಿಯ ಕಡೆಯಲ್ಲಿ ಕರೆಂಟ್ ಸುಮಾರು 4 ಆಂಪಿಯರ್ ಮಾತ್ರ ಆಗುವುದರಿಂದ 7.5 ಆಂಪಿಯರ್ ಫ್ಯೂಸ್ ಸಾಕು, ರೇಡಿಯೊದ ಬದಿಗೆ ಅದರ ಮೂಲ ಆಂಪಿಯರಿನ ಫ್ಯೂಸ್ ಪ್ರತ್ಯೇಕವಾಗಿ ಇರಲಿ. ಹಿಂದಿನವರು ಟೇಪು ಸುತ್ತಿ ಬಿಟ್ಟಿರುವ ಹಳೆಯ ತುದಿಗೆ ಹೊಸ ವೈರು ಹೆಣೆಯಬೇಡಿ. ಬಟ್ಟೆಯ ಹೊದಿಕೆಯನ್ನು ಬೆರಳಲ್ಲಿ ಬಗ್ಗಿಸಿದಾಗ ಪುಡಿ ಉದುರಿದರೆ ಆ ವೈರನ್ನು ಬುಡದಿಂದಲೇ ತೆಗೆಯಬೇಕು. ರೇಡಿಯೊದ ಡಯಲ್ ಬಲ್ಬೂ 6 ವೋಲ್ಟಿನದೇ ಎಂಬುದನ್ನು ಮರೆಯಬೇಡಿ. ಅದು ಡ್ಯಾಶ್ ದೀಪಗಳ ಸ್ವಿಚ್ಚಿನಿಂದ ಪ್ರತ್ಯೇಕ ವೈರಿನಲ್ಲಿ ಬರುತ್ತಿದ್ದರೆ ಈಗ ಅದಕ್ಕೆ 12 ವೋಲ್ಟ್ ಸಿಗುತ್ತದೆ, ಬಲ್ಬ್ ಬದಲಿಸಿ.

ಆಂಟೆನಾ ವಿಷಯವನ್ನು ಯಾರೂ ಕೇಳುವುದಿಲ್ಲ, ಆದರೆ ‘ರಿಪೇರಿ ಆದಮೇಲೂ ಸ್ಟೇಷನ್ ಕ್ಷೀಣ’ ಎಂಬ ದೂರಿಗೆ ಬಹುಪಾಲು ಅದೇ ಕಾರಣ. ವಾಹನದ ಎ.ಎಂ. ಆಂಟೆನಾದ ಕೇಬಲ್ ಕಡಿಮೆ ಕೆಪಾಸಿಟೆನ್ಸಿನ ವಿಶೇಷ ಕೇಬಲ್. ಅದರ ಬದಲು ಟಿ.ವಿ. ಕೇಬಲ್ಲನ್ನೋ ವೈರ್‌ಲೆಸ್ ಸೆಟ್ಟಿನ ಕೇಬಲ್ಲನ್ನೋ ಹಾಕಿದರೆ ಸಿಗ್ನಲ್ಲಿನ ಬಹುಪಾಲು ಕೇಬಲ್ಲಿನಲ್ಲೇ ಸೋರಿಹೋಗುತ್ತದೆ. ಆಂಟೆನಾದ ಬುಡ ಬಾಡಿಗೆ ಚೆನ್ನಾಗಿ ಅರ್ಥ್ ಆಗಿರಬೇಕು. ಕೊನೆಗೆ ಆಂಟೆನಾ ಪೂರ್ತಿ ಎಳೆದು, 1400 ಕಿಲೋಹರ್ಟ್ಸ್ ಹತ್ತಿರದ ಒಂದು ದುರ್ಬಲ ಸ್ಟೇಷನ್ನಿಗೆ ಹೊಂದಿಸಿ, ರೇಡಿಯೊದ ಮೇಲಿನ ಆಂಟೆನಾ ಟ್ರಿಮ್ಮರ್ ಎಂಬ ಸಣ್ಣ ಹೊಂದಾಣಿಕೆ ತಿರುಪನ್ನು ಸದ್ದು ಅತಿ ಹೆಚ್ಚಾಗುವವರೆಗೆ ತಿರುಗಿಸಿ. ಇಷ್ಟಾದರೆ ಸ್ಯಾನ್ ಆಂಟೋನಿಯೊದ 1200 ಕಿಲೋಹರ್ಟ್ಸಿನ 50 ಕಿಲೋವ್ಯಾಟ್ ಕೇಂದ್ರ ರಾತ್ರಿಯ ಹೊತ್ತು ನಿಮ್ಮ ರಾಜ್ಯದ ಯಾವ ಮೂಲೆಯಲ್ಲಾದರೂ ಸಿಗಬೇಕು. ಎಂಜಿನ್ ಶುರು ಮಾಡಿದಾಗ ಮಾತ್ರ ಟಕಟಕ ಸದ್ದು ಬಂದರೆ ಅದು ಇಗ್ನಿಷನ್ನಿನದು: ರೆಸಿಸ್ಟರ್ ಇರುವ ಪ್ಲಗ್ ವೈರುಗಳನ್ನು ಹಾಕಿ, ಇಗ್ನಿಷನ್ ಕಾಯಿಲಿನ ಬ್ಯಾಟರಿ ಬದಿಯ ತುದಿಗೆ ಗದ್ದಲ ಅಡಗಿಸುವ ಸಪ್ರೆಸರ್ ಕಂಡೆನ್ಸರ್ ಕೊಡಿ, ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಬದಿಗಲ್ಲ. ವೇಗದೊಂದಿಗೆ ಏರಿಳಿಯುವ ಕೀಚಲು ದನಿ ಆಲ್ಟರ್ನೇಟರಿನದು, ಅದರ ಔಟ್‌ಪುಟ್ ತುದಿಗೂ ಅಂತಹದೇ ಒಂದು ಕಂಡೆನ್ಸರ್ ಬೇಕಾಗುತ್ತದೆ.

ಇಲ್ಲಿಗೆ ನಿಮ್ಮ ಕೈಯಲ್ಲಿ 1954ರಂತೆಯೇ ಹಾಡುವ ರೇಡಿಯೊ ಇರುತ್ತದೆ. ಮಗಳ ಬ್ಲೂಟೂತಿಗೆ ಮುಂದಿನ ದಾರಿಗಳು ಹಲವು.

ಮೊದಲನೆಯದು, ಫೋನಿನ ಹಾಡನ್ನು ಹಳೆಯ ರೇಡಿಯೊದ ಆಡಿಯೊ ಭಾಗದ ಮೂಲಕವೇ ಹಾಯಿಸುವುದು. ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ರೇಡಿಯೊ ಕಾರ್ಯಕ್ರಮದ ಧ್ವನಿ ಬಂದು ತಲುಪುತ್ತದೆ. ಅಲ್ಲಿ ಒಂದು ಸಣ್ಣ ಸ್ವಿಚ್ ಇಟ್ಟು, ಒಂದು ಬದಿಗೆ ರೇಡಿಯೊವನ್ನು, ಇನ್ನೊಂದು ಬದಿಗೆ ಬ್ಲೂಟೂತ್ ರಿಸೀವರನ್ನು ಜೋಡಿಸಬಹುದು. ಎಡ-ಬಲ ಎರಡು ಚಾನೆಲ್ಲುಗಳನ್ನು ನೇರವಾಗಿ ಒಂದಕ್ಕೊಂದು ಸೇರಿಸಬಾರದು. ತಲಾ ಸುಮಾರು 1 ಕಿಲೋಓಮ್ ರೆಸಿಸ್ಟರಿನ ಮೂಲಕ ಸೇರಿಸಿ, ಬಳಿಕ 400 ವೋಲ್ಟ್ ತಾಳುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೂಲಕ ಒಳಗೆ ಬಿಡಬೇಕು. ಒಳಗಿನ ಡಿ.ಸಿ. ವೋಲ್ಟೇಜು ರಿಸೀವರಿಗೆ ತಾಗದಂತೆ ಆ ಕೆಪಾಸಿಟರ್ ತಡೆಯುತ್ತದೆ. ಬ್ಲೂಟೂತ್ ರಿಸೀವರಿನ 5 ವೋಲ್ಟ್ ಸರಬರಾಜು ಐಸೊಲೇಟೆಡ್ ಮಾದರಿಯದಾಗಿರಲಿ, ಅಂದರೆ ಅದರ ಒಳಬದಿಗೂ ಹೊರಬದಿಗೂ ನೇರ ವಿದ್ಯುತ್ ಸಂಪರ್ಕ ಇರಬಾರದು. ಇಲ್ಲದಿದ್ದರೆ ಎರಡು ಅರ್ಥ್ ದಾರಿಗಳು ಸೇರಿ ‘ಹಮ್’ ಎಂಬ ಸತತ ಸದ್ದು ಕೇಳಿಸುತ್ತದೆ. ಪಾಸಿಟಿವ್ ಅರ್ಥಿನ ಫೋರ್ಡ್ ಇಟ್ಟುಕೊಂಡಿರುವ ಓದುಗರಿಗೆ ಇದು ಕಡ್ಡಾಯ, ಏಕೆಂದರೆ ಅವರಲ್ಲಿ ರಿಸೀವರಿನ ನೆಗೆಟಿವ್ ಬಾಡಿಗೆ ತಾಗಿದರೆ ಶಾರ್ಟೇ ಆಗುತ್ತದೆ. ಈ ವಿಧಾನದಲ್ಲಿ ಬರುವ ಧ್ವನಿ ಮೋನೊ. ಒಂದೇ ಸ್ಪೀಕರಿನ, ಮಧ್ಯಮ ಸ್ವರಗಳೇ ಮುಂದಿರುವ ಧ್ವನಿ. ಹಳೆಯ ಚಿತ್ರಗೀತೆಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ಈಗಿನ ಬಾಸ್ ತುಂಬಿದ ಹಾಡುಗಳಿಗೆ ಒಪ್ಪುವುದಿಲ್ಲ, ಮಗಳು ಮುಖ ಸಿಂಡರಿಸಿದರೆ ಆಶ್ಚರ್ಯಪಡಬೇಡಿ.

ಎರಡನೆಯದು, ಹಳೆಯ ರೇಡಿಯೊವನ್ನು ಹಾಗೆಯೇ ಬಿಟ್ಟು, ಬ್ಲೂಟೂತ್ ಇರುವ ಸಣ್ಣ ಆಂಪ್ಲಿಫೈಯರ್ ಒಂದನ್ನು ಸೀಟಿನ ಕೆಳಗೋ ಗ್ಲೋವ್ ಬಾಕ್ಸಿನಲ್ಲೋ ಅಡಗಿಸಿ, ಅದಕ್ಕೆ ಪ್ರತ್ಯೇಕ ಸ್ಪೀಕರುಗಳನ್ನು ಕೊಡುವುದು. ಸ್ಟೀರಿಯೊ ಬೇಕೆನ್ನುವವರಿಗೆ ನನ್ನ ಸಲಹೆ ಇದೇ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: ನಿಮ್ಮ ಮಾದರಿಯ ಟ್ರಕ್ಕಿನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನ ಒಳಗೇ, ಸೀಟಿನ ಬೆನ್ನ ಹಿಂದೆ. ಆಧುನಿಕ ಪಿಕಪ್‌ಗಳಲ್ಲಿ ಸ್ಪೀಕರ್ ಕೂರಿಸುವ ಅಭ್ಯಾಸವಿರುವ ಅಂಗಡಿಯವರು ಸಹಜವಾಗಿ ಸೀಟಿನ ಹಿಂಭಾಗಕ್ಕೇ ಡ್ರಿಲ್ ಹಿಡಿಯುತ್ತಾರೆ. ಅಲ್ಲಿ ತೂತು ಕೊರೆಯುವುದಾಗಲಿ, ಆಂಪ್ಲಿಫೈಯರನ್ನು ಟ್ಯಾಂಕಿಗೆ ಒರಗಿಸುವುದಾಗಲಿ, ಫ್ಯೂಸ್ ಇಲ್ಲದ ವೈರನ್ನು ಅದರ ಪಕ್ಕ ಹಾಯಿಸುವುದಾಗಲಿ ಯಾವ ಕಾರಣಕ್ಕೂ ಕೂಡದು. ಕೆಲಸ ಕೊಡುವ ಮುನ್ನ ಸೀಟನ್ನು ಮುಂದಕ್ಕೆ ಬಾಗಿಸಿ ಟ್ಯಾಂಕನ್ನು ಅವರಿಗೆ ತೋರಿಸಿಬಿಡಿ.

ಮೂರನೆಯದು, ರೇಡಿಯೊದ ಒಡಲನ್ನು ಪೂರ್ತಿ ತೆಗೆದು, ಎಫ್.ಎಂ. ಮತ್ತು ಬ್ಲೂಟೂತ್ ಇರುವ ಆಧುನಿಕ ಬೋರ್ಡನ್ನು ಅದೇ ಪೆಟ್ಟಿಗೆಯೊಳಗೆ ಕೂರಿಸುವುದು. ಹೊರಗಿನ ಗುಂಡಿ, ಡಯಲ್ ಹಾಗೆಯೇ ಉಳಿಯುತ್ತವೆ, 6 ವೋಲ್ಟಿನ ತಲೆನೋವೂ ಇರುವುದಿಲ್ಲ. ಈಗಾಗಲೇ ಟ್ರಾನ್ಸ್‌ಫಾರ್ಮರ್ ಸುಟ್ಟು, ಒಳಗೆಲ್ಲ ತುಕ್ಕು ಹಿಡಿದ ಸೆಟ್ಟಿಗೆ ಇದು ಒಳ್ಳೆಯ ಪರಿಹಾರ. ಜೀವವಿರುವ ಸೆಟ್ಟಿಗೆ ಹೀಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. 1954ರಲ್ಲಿ ಷೆವರ್ಲೆ ಟ್ರಕ್ಕಿಗೆ ರೇಡಿಯೊ ಎಂಬುದು ಹೆಚ್ಚು ಹಣ ಕೊಟ್ಟು ಕೊಳ್ಳಬೇಕಿದ್ದ ಅನುಕೂಲ, ದುಡಿಯುವ ಗಾಡಿಗೆ ಅದನ್ನು ಹಾಕಿಸದವರೇ ಹೆಚ್ಚು. ನಿಮ್ಮಲ್ಲಿರುವುದನ್ನು ಕಿತ್ತು ಎಸೆದರೆ ಮತ್ತೊಂದನ್ನು ಹುಡುಕುವುದು ಕಷ್ಟ. ಡಯಲ್ಲನ್ನು ಒಮ್ಮೆ ಒರೆಸಿ ನೋಡಿ: 640 ಮತ್ತು 1240ರ ಬಳಿ ಪುಟ್ಟ ತ್ರಿಕೋನದ ಗುರುತುಗಳಿದ್ದರೆ, ಅವು ಶೀತಲ ಸಮರದ ಕಾಲದಲ್ಲಿ ವೈಮಾನಿಕ ದಾಳಿಯ ಎಚ್ಚರಿಕೆ ಕೇಳಲು ಅಮೆರಿಕ ಸರ್ಕಾರ ಕಡ್ಡಾಯಗೊಳಿಸಿದ್ದ ಗುರುತುಗಳು. 1963ರಲ್ಲಿ ಆ ವ್ಯವಸ್ಥೆಯೇ ನಿಂತುಹೋಯಿತು.

ಹಳೆಯ ರಂಧ್ರಗಳಿಗೇ ಕೂರುವ, ಹಳೆಯ ಚಹರೆಯ ಹೊಸ ರೇಡಿಯೊಗಳೂ ಮಾರುಕಟ್ಟೆಯಲ್ಲಿವೆ. ಡ್ಯಾಶ್ ಕೊರೆಯದೆ ಹಾಕುವುದಾದರೆ, ಮತ್ತು ತೆಗೆದ ಸೆಟ್ಟನ್ನು ಒಣ ಜಾಗದಲ್ಲಿ ಜೋಪಾನವಾಗಿಡುವುದಾದರೆ, ಅದರಲ್ಲಿ ತಪ್ಪೇನಿಲ್ಲ. ಅಂಗಡಿಯವರು ಹೇಳಿದಂತೆ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿಯನ್ನು ಉಕ್ಕಿನ ಡ್ಯಾಶ್‌ಬೋರ್ಡಿನಲ್ಲಿ ಕೊರೆಯುವುದಕ್ಕೆ ಮಾತ್ರ ಒಪ್ಪಬೇಡಿ. ಆ ಗಾಯವನ್ನು ಮುಚ್ಚಲು ವೆಲ್ಡಿಂಗ್, ಪುಟ್ಟಿ, ಬಣ್ಣ ಎಲ್ಲವೂ ಬೇಕು. ಅದರ ಖರ್ಚು ರೇಡಿಯೊ ರಿಪೇರಿಯ ಖರ್ಚನ್ನು ಮೀರುತ್ತದೆ.

ಇದೇ ಸಂದರ್ಭದಲ್ಲಿ ಇಲ್ಲಿನ ಓದುಗರಿಗೆ ಒಂದು ಮಾತು. ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬಯಿಯ ಸೇವ್ರಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿತ್ತು. ಆ ಕಾಲದ ಗಾಡಿ, ಆ ಕಾಲದ ರೇಡಿಯೊ ಕರ್ನಾಟಕದ ಯಾವುದಾದರೂ ಕೊಟ್ಟಿಗೆಯಲ್ಲಿದ್ದರೆ ಮೇಲಿನ ಮಾತುಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ. ಅಮೆರಿಕದಲ್ಲಿ ಸ್ಟೇಷನ್ನುಗಳ ನಡುವಿನ ಅಂತರ 10 ಕಿಲೋಹರ್ಟ್ಸ್, ನಮ್ಮಲ್ಲಿ 9. ಮುಳ್ಳು ತಿರುಗಿಸುವ ಡಯಲ್ಲಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ, ಬೆಂಗಳೂರು ಆಕಾಶವಾಣಿಯ 612ನ್ನೂ ಧಾರವಾಡದ 765ನ್ನೂ ಅದು ಯಾವ ಬದಲಾವಣೆಯೂ ಇಲ್ಲದೆ ಹಿಡಿಯುತ್ತದೆ. ಹಳೆಯ ಡಿಜಿಟಲ್ ಅಮೆರಿಕನ್ ಸೆಟ್ಟುಗಳಿಗಿರುವ ತೊಡಕು ಇದಕ್ಕಿಲ್ಲ.

ಕೊನೆಗೆ ನಿಮ್ಮ ಐದು ಗುಂಡಿಗಳು. ಅವು ಕೆಟ್ಟಿಲ್ಲ, ಹಿಂದಿನ ಯಾರೋ ತಮ್ಮೂರಿನ ಸ್ಟೇಷನ್ನುಗಳಿಗೆ ಹೊಂದಿಸಿಟ್ಟಿದ್ದು ಹಾಗೆಯೇ ಉಳಿದಿದೆ. ಇದು ಪೂರ್ತಿ ಯಾಂತ್ರಿಕ ವ್ಯವಸ್ಥೆ, ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾದ ಸ್ಟೇಷನ್ನನ್ನು ಕೈಯಿಂದ ಸರಿಯಾಗಿ ಹಿಡಿದುಕೊಂಡು, ಒಂದು ಗುಂಡಿಯನ್ನು ಹೊರಕ್ಕೆ ಎಳೆದು, ಬಳಿಕ ನೇರವಾಗಿ, ಜೋರಾಗಿ ಪೂರ್ತಿ ಒಳಕ್ಕೆ ಒತ್ತಿ. ಮುಳ್ಳನ್ನು ಬೇರೆಡೆಗೆ ತಿರುಗಿಸಿ ಅದೇ ಗುಂಡಿಯನ್ನು ಒತ್ತಿ ಪರೀಕ್ಷಿಸಿ. ಮುಳ್ಳು ಅದೇ ಜಾಗಕ್ಕೆ ಬರಬೇಕು. ಬಂದು ಸ್ವಲ್ಪ ಜಾರಿದರೆ ಒಳಗಿನ ಹಿಡಿತದಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಸೆಟ್ಟು ಹೇಗೂ ಬಿಚ್ಚಿ ಮೇಜಿನ ಮೇಲಿರುವಾಗ ಅದನ್ನೂ ಒರೆಸಿ ಸ್ವಚ್ಛ ಮಾಡಿಕೊಡಲು ರಿಪೇರಿಯವರಿಗೆ ಹೇಳಿ. ಆದರೆ ಟ್ಯೂನಿಂಗ್ ಸುರುಳಿಗಳೊಳಗೆ ಓಡಾಡುವ ಕಬ್ಬಿಣದ ಕಡ್ಡಿಗಳಿಗೆ ಎಣ್ಣೆ ಸಿಂಪಡಿಸದಂತೆ ನೋಡಿಕೊಳ್ಳಿ.